ಡಿಸ್ಟಿಲರಿ ಬಯೋಗ್ಯಾಸ್‌ನಿಂದ ಮೀಥೇನ್ ಮರಳಿ ಪಡೆಯಲು: ಮೆಂಬ್ರೇನ್ ಘಟಕಕ್ಕೆ ಒಂದು ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಲವು ಸಕ್ಕರೆ ಕಾರ್ಖಾನೆಗಳ ಆವರಣದಲ್ಲೇ ಡಿಸ್ಟಿಲರಿಯೂ ಇರುತ್ತದೆ. ಕಾಕಂಬಿಯನ್ನು ಹುದುಗಿಸಿ, ಬಟ್ಟಿ ಇಳಿಸಿ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್‌ನಷ್ಟು ಸ್ಪೆಂಟ್‌ವಾಶ್ ಉಳಿಯುತ್ತದೆ. ಬಿಸಿಯಾದ, ಹುಳಿಯಾದ, ಕಡುಗಂದು ಬಣ್ಣದ ಈ ದ್ರವದಲ್ಲಿ ಸಾವಯವ ಪದಾರ್ಥ ಎಷ್ಟಿರುತ್ತದೆಂದರೆ, ಅದರ ಸಿಒಡಿ (ಆ ಪದಾರ್ಥವನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ) ಪ್ರತಿ ಲೀಟರಿಗೆ ಒಂದು ಲಕ್ಷ ಮಿಲಿಗ್ರಾಂ ಮುಟ್ಟುವುದು ಸಾಮಾನ್ಯ. ಇದನ್ನು ತೆರೆದ ಹೊಂಡದಲ್ಲಿ ನಿಲ್ಲಿಸಿದರೆ ಅಲ್ಲಿಯೇ ಕೊಳೆತು ಮೀಥೇನ್ ನೇರವಾಗಿ ಗಾಳಿಗೆ ಸೇರುತ್ತದೆ. ಮುಚ್ಚಿದ ಡೈಜೆಸ್ಟರ್‌ನಲ್ಲಿ ಕೊಳೆಸಿದರೆ ಅದೇ ಮೀಥೇನ್ ಬಯೋಗ್ಯಾಸ್ ಆಗಿ ಕೈಗೆ ಸಿಗುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ಆರನೇ ವರದಿಯ ಪ್ರಕಾರ, ಇಂಥ ಜೈವಿಕ ಮೂಲದ ಮೀಥೇನ್ 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟು, 20 ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಈ ಬಯೋಗ್ಯಾಸನ್ನು ಪೊರೆಗಳ (ಮೆಂಬ್ರೇನ್) ಮೂಲಕ ಹಾಯಿಸಿ ವಾಹನಕ್ಕೆ ತುಂಬಬಹುದಾದ ಶುದ್ಧ ಮೀಥೇನ್ ಆಗಿಸುವ ಘಟಕವನ್ನು ಯೋಜಿಸುವವರಿಗಾಗಿ ಈ ಲೇಖನ. 2018ರ ಅಕ್ಟೋಬರ್ 1ರಂದು ಇಂಥ ಅನಿಲವನ್ನು ತೈಲ ಕಂಪನಿಗಳು ಖರೀದಿಸುವ ಕೇಂದ್ರ ಸರ್ಕಾರದ ‘ಸತತ್’ ಯೋಜನೆ ಆರಂಭವಾದ ಬಳಿಕ ಈ ಅನಿಲಕ್ಕೆ ಮಾರುಕಟ್ಟೆಯೂ ತೆರೆದುಕೊಂಡಿದೆ. ಆದರೆ ಘಟಕದ ಮುಂಬಾಗಿಲಿನಿಂದ ಹೊರಡುವ ಶುದ್ಧ ಅನಿಲದ ಮೇಲೆ ಎಲ್ಲರ ಕಣ್ಣಿರುವಷ್ಟು, ಹಿಂಬದಿಯ ಕೊಳವೆಯಿಂದ ಹೊರಹೋಗುವ ಅನಿಲದ ಮೇಲೆ ಇರುವುದಿಲ್ಲ. ಆ ಕೊಳವೆಯಲ್ಲಿ ಮೀಥೇನ್ ಸೋರುತ್ತಿದ್ದರೆ, ಹಸಿರುಮನೆ ಅನಿಲವನ್ನು ತಡೆಯಲೆಂದು ಕಟ್ಟಿದ ಘಟಕವೇ ಅದನ್ನು ಬಿಡುಗಡೆ ಮಾಡುವ ಘಟಕವಾಗಿಬಿಡುತ್ತದೆ. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಯಾವ ಅನಿಲಕ್ಕೆ ಪೊರೆ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ

ಡಿಸ್ಟಿಲರಿಯಲ್ಲಿ ಹಸಿರುಮನೆ ಅನಿಲ ಹೊರಬರುವ ಜಾಗಗಳು ಹಲವು. ಹುದುಗುವ ತೊಟ್ಟಿಯಿಂದ ಬರುವ ಇಂಗಾಲದ ಡೈಆಕ್ಸೈಡ್, ನೀರಾವಿಯನ್ನು ಬಿಟ್ಟು ನೋಡಿದರೆ, ಬಹುಮಟ್ಟಿಗೆ ಶುದ್ಧವಾಗಿಯೇ ಇರುತ್ತದೆ. ದಿನಕ್ಕೆ 60 ಸಾವಿರ ಲೀಟರ್ ಮದ್ಯಸಾರ ತಯಾರಿಸುವ ಘಟಕದಲ್ಲಿ ಅದು ಸುಮಾರು 45 ಟನ್ ಆಗುತ್ತದೆ. ಅದನ್ನು ತೊಳೆದು, ಒಣಗಿಸಿ, ಒತ್ತಿ ದ್ರವವಾಗಿಸಿದರೆ ಸಾಕು, ಪೊರೆಯ ಅಗತ್ಯವಿಲ್ಲ. ಬಾಯ್ಲರ್ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ತೆಳುವಾಗಿ, ವಾತಾವರಣದ ಒತ್ತಡದಲ್ಲಿಯೇ ಇರುವುದರಿಂದ ಅಲ್ಲಿ ಪೊರೆ ಹಾಕುವುದು ಸದ್ಯಕ್ಕೆ ದುಬಾರಿ. ಸ್ಪೆಂಟ್‌ವಾಶನ್ನು ಗಟ್ಟಿಯಾಗಿಸಿ ಬಾಯ್ಲರ್‌ನಲ್ಲೇ ಸುಡುವ ವ್ಯವಸ್ಥೆಗೆ ಹೋಗಿರುವ ಕಾರ್ಖಾನೆಗಳಲ್ಲಿ ಬಯೋಗ್ಯಾಸೇ ಇರದಿರಬಹುದು; ಅಂಥಲ್ಲಿ ಈ ಲೇಖನದ ಉಪಯೋಗ ಕಡಿಮೆ.

ಡೈಜೆಸ್ಟರ್‌ನಿಂದ ಹೊರಬರುವ ನೀರಿನಲ್ಲಿ ಕರಗಿ ಹೋಗುವ ಮೀಥೇನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಸ್ಪೆಂಟ್‌ವಾಶ್‌ನ ಮಟ್ಟಿಗೆ ಅದು ಒಟ್ಟು ಮೀಥೇನ್‌ನ ಸಾವಿರದಲ್ಲಿ ಒಂದು ಪಾಲಿನಷ್ಟೂ ಆಗುವುದಿಲ್ಲ. ನಗರದ ಚರಂಡಿ ನೀರನ್ನು ಆಮ್ಲಜನಕವಿಲ್ಲದೆ ಶುದ್ಧೀಕರಿಸುವ ಘಟಕಗಳ ವಿಷಯವೇ ಬೇರೆ: ಅಲ್ಲಿ ನೀರು ಹೆಚ್ಚು, ಸಾವಯವ ಪದಾರ್ಥ ಕಡಿಮೆ ಆದ್ದರಿಂದ ಹುಟ್ಟಿದ ಮೀಥೇನ್‌ನ ಐದರಲ್ಲಿ ಒಂದು ಪಾಲು ನೀರಿನಲ್ಲಿ ಕರಗಿಯೇ ಹೊರಹೋಗಬಹುದು. ನೀರನ್ನು ಹೊರಕ್ಕೆ ಬಿಡದೆ ಅನಿಲವನ್ನಷ್ಟೇ ಬಿಡುವ ಟೊಳ್ಳು ನಾರಿನ ಪೊರೆಗಳಿಗೆ ನಿರ್ವಾತ ಕೊಟ್ಟು ಅದನ್ನು ಹೀರಿಕೊಳ್ಳುವ ಪ್ರಯತ್ನ ಅಂಥ ಕಡೆ ಅರ್ಥಪೂರ್ಣ.

ಗಾತ್ರದ ಲೆಕ್ಕ

ಉಪಕರಣದ ಬೆಲೆ ಕೇಳುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿಕೊಳ್ಳಿ. ದಿನಕ್ಕೆ 60 ಸಾವಿರ ಲೀಟರ್ ಮದ್ಯಸಾರ, ಲೀಟರಿಗೆ 10 ಲೀಟರ್ ಸ್ಪೆಂಟ್‌ವಾಶ್ ಎಂದಿಟ್ಟುಕೊಂಡರೆ ದಿನಕ್ಕೆ 600 ಘನ ಮೀಟರ್. ಅದರಲ್ಲಿ 60 ಸಾವಿರ ಕೆಜಿ ಸಿಒಡಿ ಇರುತ್ತದೆ. ಶೇ 65ರಷ್ಟನ್ನು ಡೈಜೆಸ್ಟರ್ ಕರಗಿಸಿದರೆ 39 ಸಾವಿರ ಕೆಜಿ. ಕರಗಿದ ಪ್ರತಿ ಕೆಜಿ ಸಿಒಡಿಗೆ ಸಿದ್ಧಾಂತದ ಪ್ರಕಾರ 0.35 ನಾರ್ಮಲ್ ಘನ ಮೀಟರ್ (0 ಡಿಗ್ರಿ ಸೆಲ್ಸಿಯಸ್ ಮತ್ತು ವಾತಾವರಣದ ಒತ್ತಡದಲ್ಲಿನ ಗಾತ್ರ) ಮೀಥೇನ್ ಸಿಗಬೇಕು, ಎಚ್ಚರಿಕೆಗಾಗಿ 0.30 ಎಂದು ಹಿಡಿದರೆ ದಿನಕ್ಕೆ 11,700 ಘನ ಮೀಟರ್, ಅಂದರೆ ಸುಮಾರು 8,400 ಕೆಜಿ ಮೀಥೇನ್ ಆಗುತ್ತದೆ. ಬಯೋಗ್ಯಾಸ್‌ನಲ್ಲಿ ಮೀಥೇನ್ ಶೇ 60 ಇದ್ದರೆ ಒಟ್ಟು ಅನಿಲ ದಿನಕ್ಕೆ 19,500 ಘನ ಮೀಟರ್, ಗಂಟೆಗೆ 800ಕ್ಕಿಂತ ಸ್ವಲ್ಪ ಹೆಚ್ಚು. ಈ ಲೆಕ್ಕಕ್ಕೆ ನಿಮ್ಮ ಘಟಕದ ಕನಿಷ್ಠ ಮೂರು ತಿಂಗಳ ದಾಖಲೆಯನ್ನು ಹೋಲಿಸಿ ನೋಡಿ. ವ್ಯತ್ಯಾಸ ದೊಡ್ಡದಾಗಿದ್ದರೆ ಮಾಪಕ ತಪ್ಪಿರಬೇಕು, ಇಲ್ಲವೇ ಅನಿಲ ಈಗಾಗಲೇ ಎಲ್ಲೋ ಸೋರುತ್ತಿರಬೇಕು. ಅದನ್ನು ಸರಿಪಡಿಸದೆ ಮುಂದಿನ ಹೆಜ್ಜೆ ಇಡಬಾರದು.

ತಲುಪಬೇಕಾದ ಗುರಿಯನ್ನು ಭಾರತೀಯ ಮಾನಕ 16087 (2016) ನಿಗದಿಪಡಿಸಿದೆ: ಮೀಥೇನ್ ಕನಿಷ್ಠ ಶೇ 90, ಇಂಗಾಲದ ಡೈಆಕ್ಸೈಡ್ ಗರಿಷ್ಠ ಶೇ 4, ಆಮ್ಲಜನಕ ಗರಿಷ್ಠ ಶೇ 0.5, ಇಂಗಾಲದ ಡೈಆಕ್ಸೈಡ್, ಸಾರಜನಕ, ಆಮ್ಲಜನಕ ಮೂರೂ ಸೇರಿ ಗರಿಷ್ಠ ಶೇ 10, ಒಟ್ಟು ಗಂಧಕ ಘನ ಮೀಟರಿಗೆ 20 ಮಿಲಿಗ್ರಾಂ, ತೇವ 5 ಮಿಲಿಗ್ರಾಂ.

ಪೊರೆ ಕೆಲಸ ಮಾಡುವ ಬಗೆ

ಇದು ಜರಡಿಯಲ್ಲ. ಪಾಲಿಇಮೈಡ್‌ನಂಥ ಪಾಲಿಮರ್‌ನಲ್ಲಿ ಅನಿಲದ ಅಣುಗಳು ಮೊದಲು ಕರಗಿ, ಅದರ ಸರಪಳಿಗಳ ಸಂದಿಯಲ್ಲಿ ನುಸುಳುತ್ತ, ಇನ್ನೊಂದು ಬದಿಯಲ್ಲಿ ಹೊರಬರುತ್ತವೆ. ಇಂಗಾಲದ ಡೈಆಕ್ಸೈಡ್ ಅಣುವಿನ ಚಲನಾ ವ್ಯಾಸ 0.33 ನ್ಯಾನೋಮೀಟರ್, ಮೀಥೇನ್‌ದು 0.38. ಮೊದಲನೆಯದು ಚಿಕ್ಕದೂ ಹೌದು, ಪಾಲಿಮರ್‌ನಲ್ಲಿ ಹೆಚ್ಚು ಕರಗುವುದೂ ಹೌದು. ಹಾಗಾಗಿ ಅದು ಬೇಗ ದಾಟುತ್ತದೆ. ರಬ್ಬರ್ ಹಾಳೆಯ ಮೂಲಕ ಅನಿಲಗಳು ಬೇರೆ ಬೇರೆ ವೇಗದಲ್ಲಿ ಸಾಗುವುದನ್ನು ಥಾಮಸ್ ಗ್ರಹಾಂ 1866ರಲ್ಲೇ ವಿವರಿಸಿದ್ದರು. ಆದರೆ ದಪ್ಪ ಹಾಳೆಯಿಂದ ಕಾರ್ಖಾನೆಗೆ ಬೇಕಾದಷ್ಟು ಅನಿಲ ಹಾಯಲಾರದು. 1960ರ ಸುಮಾರಿಗೆ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಉಪ್ಪುನೀರನ್ನು ಸಿಹಿಯಾಗಿಸಲೆಂದು ರೂಪಿಸಿದ, ರಂಧ್ರಮಯ ಆಧಾರದ ಮೇಲೆ ಅತಿ ತೆಳುವಾದ ಒಂದು ಪದರವುಳ್ಳ ಪೊರೆ ಈ ಅಡ್ಡಿಯನ್ನು ನಿವಾರಿಸಿತು. ಇಂದಿನ ಅನಿಲ ಪೊರೆಗಳೂ ಅದೇ ವಿನ್ಯಾಸದವು. ಅಂಥ ಸಾವಿರಾರು ಟೊಳ್ಳು ನಾರುಗಳ ಕಟ್ಟನ್ನು ಒಂದು ಉಕ್ಕಿನ ಕೊಳವೆಯೊಳಗೆ ಕೂರಿಸಿರುತ್ತಾರೆ; ಇದಕ್ಕೆ ಮಾಡ್ಯೂಲ್ ಎಂದು ಹೆಸರು.

ಪೊರೆ ದಾಟಿ ಹೋದ ಭಾಗಕ್ಕೆ ಪರ್ಮಿಯೇಟ್ ಎಂದೂ, ದಾಟದೆ ಒತ್ತಡದಲ್ಲೇ ಉಳಿದ ಭಾಗಕ್ಕೆ ರಿಟೆಂಟೇಟ್ ಎಂದೂ ಹೆಸರು. ನಮಗೆ ಬೇಕಾದ ಮೀಥೇನ್ ಉಳಿಯುವುದು ರಿಟೆಂಟೇಟ್‌ನಲ್ಲಿ. ಎರಡು ಬದಿಯ ಆಂಶಿಕ ಒತ್ತಡದ (ಮಿಶ್ರಣದಲ್ಲಿ ಆ ಒಂದು ಅನಿಲದ ಪಾಲಿನ ಒತ್ತಡದ) ಅಂತರವೇ ಅನಿಲವನ್ನು ತಳ್ಳುವ ಬಲವಾದ್ದರಿಂದ, ಬಯೋಗ್ಯಾಸನ್ನು ಸಾಮಾನ್ಯವಾಗಿ 8ರಿಂದ 16 ಬಾರ್ ಒತ್ತಡಕ್ಕೆ ಏರಿಸಬೇಕಾಗುತ್ತದೆ. ಸಾರಜನಕ ಮಾತ್ರ ಈ ಪೊರೆಗಳನ್ನು ಮೀಥೇನ್‌ನಷ್ಟೇ ನಿಧಾನವಾಗಿ ದಾಟುತ್ತದೆ. ಈ ಒಂದು ಸಂಗತಿಯನ್ನು ಮರೆತು ಮಾಡಿದ ವಿನ್ಯಾಸಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಗಂಧಕವನ್ನು ಗಾಳಿ ಬೆರೆಸದೆ ತೆಗೆಯಿರಿ

ಕಾಕಂಬಿ ಸ್ಪೆಂಟ್‌ವಾಶ್‌ನಲ್ಲಿ ಸಲ್ಫೇಟ್ ಹೆಚ್ಚಿರುತ್ತದೆ. ಆದ್ದರಿಂದಲೇ ಸಗಣಿ ಅನಿಲದಲ್ಲಿ ಅಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ಡಿಸ್ಟಿಲರಿ ಬಯೋಗ್ಯಾಸ್‌ನಲ್ಲಿ ಶೇ 2ರಿಂದ 4ರವರೆಗೂ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಶೇ 3 ಎಂದರೂ ದಿನಕ್ಕೆ ಎಂಟುನೂರು ಕೆಜಿಗೂ ಮಿಕ್ಕಿದ ಗಂಧಕವನ್ನು ತೆಗೆಯಬೇಕು. ಹುದುಗುವಿಕೆಯ ಹಂತದಲ್ಲಿ ಹುಳಿ ಹೊಂದಿಸಲು ಗಂಧಕಾಮ್ಲವನ್ನು ಎಷ್ಟು ಬಳಸಲಾಗುತ್ತಿದೆ ಎಂದು ಮೊದಲು ಪರಿಶೀಲಿಸಿ. ಅಲ್ಲಿ ಕಡಿಮೆ ಮಾಡಿದ ಪ್ರತಿ ಕೆಜಿ ಆಮ್ಲವೂ ಇಲ್ಲಿನ ಹೊರೆಯನ್ನು ಇಳಿಸುತ್ತದೆ.

ಸಣ್ಣ ಗೋಬರ್ ಗ್ಯಾಸ್ ಘಟಕಗಳಲ್ಲಿ ಡೈಜೆಸ್ಟರ್‌ನ ತಲೆಗೇ ಸ್ವಲ್ಪ ಗಾಳಿ ಬಿಟ್ಟು, ಬ್ಯಾಕ್ಟೀರಿಯಾಗಳಿಂದ ಗಂಧಕ ತೆಗೆಸುವ ಅಗ್ಗದ ಪದ್ಧತಿಯಿದೆ. ಅದನ್ನೇ ಇಲ್ಲಿ ಅನುಸರಿಸಿದರೆ ಆಗುವುದನ್ನು ಲೆಕ್ಕ ಹಾಕಿ ನೋಡೋಣ. 100 ಭಾಗ ಬಯೋಗ್ಯಾಸ್‌ನ 3 ಭಾಗ ಹೈಡ್ರೋಜನ್ ಸಲ್ಫೈಡ್‌ಗೆ 1.5 ಭಾಗ ಆಮ್ಲಜನಕ ಬೇಕು; ಅಷ್ಟು ಆಮ್ಲಜನಕದ ಜೊತೆ ಗಾಳಿಯ 5.6 ಭಾಗ ಸಾರಜನಕವೂ ಒಳಬರುತ್ತದೆ. ಪೊರೆ ಇಂಗಾಲದ ಡೈಆಕ್ಸೈಡನ್ನು ತೆಗೆದ ಮೇಲೆ 60 ಭಾಗ ಮೀಥೇನ್ ಜೊತೆ ಈ 5.6 ಭಾಗ ಸಾರಜನಕ ಹಾಗೆಯೇ ಉಳಿದು, ಶುದ್ಧ ಅನಿಲದ ಶೇ 8.5ರಷ್ಟನ್ನು ಆಕ್ರಮಿಸುತ್ತದೆ. ಅದಕ್ಕೆ ಶೇ 2 ಇಂಗಾಲದ ಡೈಆಕ್ಸೈಡ್ ಸೇರಿದರೆ ಮಾನಕದ ಶೇ 10ರ ಮಿತಿ ದಾಟಿಹೋಯಿತು. ಎಷ್ಟೇ ಪೊರೆ ಸೇರಿಸಿದರೂ ಆ ಸಾರಜನಕವನ್ನು ತೆಗೆಯಲು ಸಾಧ್ಯವಿಲ್ಲ.

ಆದ್ದರಿಂದ ಅನಿಲವನ್ನು ತೊಳೆಯುವ ಗೋಪುರವೂ, ತೊಳೆದ ದ್ರಾವಣಕ್ಕೆ ಗಾಳಿ ಊದಿ ಪುನಶ್ಚೇತನಗೊಳಿಸುವ ತೊಟ್ಟಿಯೂ ಪ್ರತ್ಯೇಕವಾಗಿರುವ ವ್ಯವಸ್ಥೆಯನ್ನೇ ಆರಿಸಬೇಕು. ಕ್ಷಾರೀಯ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡನ್ನು ಹೀರಿಸಿ, ಬೇರೆ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಂದ ಗಂಧಕವಾಗಿಸುವ ಜೈವಿಕ ಸ್ಕ್ರಬ್ಬರ್ ಒಂದು ದಾರಿ. ಕಬ್ಬಿಣವನ್ನು ಸಾವಯವ ಅಣುಗಳು ಹಿಡಿದಿಟ್ಟುಕೊಂಡಿರುವ ಕೀಲೇಟ್ ದ್ರಾವಣ ಇನ್ನೊಂದು. ಎರಡರಲ್ಲೂ ಗಂಧಕ ಕೆಸರಿನ ರೂಪದಲ್ಲಿ ಹೊರಬರುತ್ತದೆ. ಕೊನೆಗೆ ಉಳಿದಷ್ಟನ್ನು ಹಿಡಿಯಲು ಸಕ್ರಿಯ ಇಂಗಾಲದ ಎರಡು ಪಾತ್ರೆಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಮೊದಲನೆಯದು ತುಂಬಿದಾಗ ಎರಡನೆಯದು ಕಾವಲಿಗಿರುವಂತೆ ನೋಡಿಕೊಳ್ಳಿ. ಸ್ಕ್ರಬ್ಬರ್‌ನ ವೆಚ್ಚ ಉಳಿಸಲು ಇಡೀ ಹೊರೆಯನ್ನು ಇಂಗಾಲದ ಮೇಲೆಯೇ ಹಾಕಿದರೆ ದಿನವೂ ಟನ್‌ಗಟ್ಟಲೆ ಇಂಗಾಲ ಬದಲಿಸಬೇಕಾದೀತು.

ತೇವ, ಎಣ್ಣೆ, ತಾಪ

ಪೊರೆಯ ಆಯುಷ್ಯ ನಿರ್ಧಾರವಾಗುವುದು ಪೊರೆಗೆ ಬರುವ ಮುಂಚೆಯೇ. ಅನಿಲವನ್ನು 5ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡಿ ನೀರನ್ನು ಇಳಿಸಿ, ಬಳಿಕ ಇಬ್ಬನಿ ಬಿಂದುವಿಗಿಂತ (ನೀರಾವಿ ಹನಿಗಟ್ಟಲು ಆರಂಭಿಸುವ ತಾಪಕ್ಕಿಂತ) ಕನಿಷ್ಠ 10 ಡಿಗ್ರಿ ಮೇಲಕ್ಕೆ ಮತ್ತೆ ಕಾಯಿಸಿ, ಪೊರೆಯ ಮೇಲೆ ಒಂದು ಹನಿಯೂ ಕಟ್ಟದಂತೆ ನೋಡಿಕೊಳ್ಳಬೇಕು. ಎಣ್ಣೆ ಬಳಸುವ ಸ್ಕ್ರೂ ಕಂಪ್ರೆಸರ್ ಇದ್ದರೆ ಎಣ್ಣೆಯ ಮಂಜನ್ನು ಹಿಡಿಯುವ ಫಿಲ್ಟರ್, ಅದರ ನಂತರ ಎಣ್ಣೆಯ ಆವಿಗಾಗಿ ಇನ್ನೊಂದು ಇಂಗಾಲದ ಪಾತ್ರೆ ಎರಡೂ ಬೇಕು. ಎಣ್ಣೆ ಒಮ್ಮೆ ನಾರುಗಳನ್ನು ಲೇಪಿಸಿತೆಂದರೆ ತೊಳೆದು ತೆಗೆಯುವ ದಾರಿಯಿಲ್ಲ.

ತಾಪ ಏರಿದರೆ ಪೊರೆ ಹೆಚ್ಚು ಅನಿಲವನ್ನು ಬಿಡುತ್ತದೆ, ಆದರೆ ಅದರ ಆಯ್ಕೆಯ ಗುಣ ಕುಂದುತ್ತದೆ. ಅಂದರೆ ಮೀಥೇನ್ ಕೂಡ ಹೆಚ್ಚು ದಾಟುತ್ತದೆ. ಉತ್ತರ ಕರ್ನಾಟಕದ ಏಪ್ರಿಲ್‌ನಲ್ಲಿ ನೆರಳಿನ ತಾಪವೇ 40 ಡಿಗ್ರಿ ಮುಟ್ಟುವುದರಿಂದ, ಚಳಿ ದೇಶಗಳ ಅಂಕಿಅಂಶ ನೋಡಿ ಚಿಲ್ಲರ್‌ನ ಗಾತ್ರ ನಿರ್ಧರಿಸಬೇಡಿ. ಒತ್ತಡದ ಕೆಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಪಾಲಿಮರ್ ಉಬ್ಬಿ ಸಡಿಲವಾಗುವುದೂ ಉಂಟು. ಸರಬರಾಜುದಾರರು ಕೊಡುವ ಆಯ್ಕೆಯ ಅಂಕಿ ಶುದ್ಧ ಅನಿಲಗಳನ್ನು ಒಂದೊಂದಾಗಿ ಹಾಯಿಸಿ ಅಳೆದದ್ದೋ, ಮಿಶ್ರಣವನ್ನು ಹಾಯಿಸಿ ಅಳೆದದ್ದೋ ಎಂದು ಕೇಳಿ ಬರೆಸಿಕೊಳ್ಳಿ.

ಹಂತಗಳ ಜೋಡಣೆ

ಒಂದೇ ಹಂತದಲ್ಲಿ ಮೀಥೇನನ್ನು ಶೇ 95ರ ಮೇಲಕ್ಕೆ ಒಯ್ಯಲು ಹೊರಟರೆ ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಮೀಥೇನ್ ಪರ್ಮಿಯೇಟ್ ಜೊತೆ ಹೋಗಬಹುದು. ಎರಡು ಹಂತ ಮಾಡಿ ಎರಡನೆಯದರ ಪರ್ಮಿಯೇಟನ್ನು ಕಂಪ್ರೆಸರ್‌ಗೆ ಮರಳಿಸಿದರೆ ನಷ್ಟ ಬಹಳ ಇಳಿಯುತ್ತದೆ. ಮೂರು ಹಂತದ ಜೋಡಣೆಯಲ್ಲಿ ಮೊದಲ ಹಂತದ ರಿಟೆಂಟೇಟ್ ಎರಡನೆಯದಕ್ಕೆ ಹೋಗಿ ಅಲ್ಲಿ ಶುದ್ಧ ಅನಿಲವಾಗುತ್ತದೆ. ಮೊದಲ ಹಂತದ ಪರ್ಮಿಯೇಟ್ ಮೂರನೆಯದಕ್ಕೆ ಹೋಗಿ, ಅಲ್ಲಿ ಇನ್ನೊಮ್ಮೆ ಬೇರ್ಪಟ್ಟು, ಇಂಗಾಲದ ಡೈಆಕ್ಸೈಡ್ ಹೊರಗೂ ಉಳಿದ ಮೀಥೇನ್ ಕಂಪ್ರೆಸರ್‌ನ ಬಾಯಿಗೂ ಹೋಗುತ್ತದೆ. ಹೀಗೆ ಮೀಥೇನ್ ನಷ್ಟವನ್ನು ಶೇ 1ಕ್ಕಿಂತ ಕೆಳಗೆ ಇಡಬಹುದು.

ಮರಳಿ ಬರುವ ಅನಿಲವನ್ನೂ ಒತ್ತಬೇಕಾದ್ದರಿಂದ ವಿದ್ಯುತ್ ಹೆಚ್ಚು ಬೇಕು ಎಂಬ ಆಕ್ಷೇಪ ಬರುತ್ತದೆ. ಒಟ್ಟಾರೆ ಪ್ರತಿ ಘನ ಮೀಟರ್ ಬಯೋಗ್ಯಾಸ್‌ಗೆ 0.2ರಿಂದ 0.3 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಶೇ 5 ಮೀಥೇನ್ ಸೋರಿದರೆ ದಿನಕ್ಕೆ 420 ಕೆಜಿ; 27ರಿಂದ ಗುಣಿಸಿದರೆ 11 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಶೇ 1 ಸೋರಿದರೆ ಅದು 2.3 ಟನ್. ಘಟಕದ ದಿನದ ಇಡೀ ವಿದ್ಯುತ್, ಸುಮಾರು 4,900 ಯೂನಿಟ್, ಜಾಲದಿಂದಲೇ ಬಂದರೂ, ಯೂನಿಟ್‌ಗೆ 0.7 ಕೆಜಿಯಂತೆ 3.4 ಟನ್ ಆಗುತ್ತದೆ. ಹಾಗಾಗಿ ಮೂರನೇ ಹಂತವನ್ನು ಕೈಬಿಟ್ಟು ವಿದ್ಯುತ್ ಉಳಿಸುವುದು ಈ ಉದ್ದೇಶಕ್ಕೆ ತಕ್ಕ ಉಳಿತಾಯವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಬ್ಬು ನುರಿಸುವ ಹಂಗಾಮಿನಲ್ಲಿ ರವದಿ, ಬಗಾಸ್‌ನಂಥ ಕೃಷಿ ಉಳಿಕೆಯಿಂದ ಕಾರ್ಖಾನೆಯೇ ವಿದ್ಯುತ್ ಉತ್ಪಾದಿಸುತ್ತಿದ್ದರೆ ಆಕ್ಷೇಪ ಇನ್ನೂ ದುರ್ಬಲವಾಗುತ್ತದೆ.

ಹಿಂಬದಿಯ ಕೊಳವೆಯನ್ನು ಅಳೆಯುವ ಬಗೆ

ಎಲ್ಲ ಕೊಳವೆಗಳಿಗೂ ಹರಿವಿನ ಮಾಪಕ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ, ಮೂರು ಕಡೆಯ ಮೀಥೇನ್ ಪ್ರಮಾಣ ಗೊತ್ತಿದ್ದರೆ ನಷ್ಟವನ್ನು ಕಂಡುಹಿಡಿಯಬಹುದು: ಪೊರೆಗೆ ಬರುವ ಅನಿಲ, ಶುದ್ಧ ಅನಿಲ, ಹಿಂಬದಿಯ ಅನಿಲ. ಶುದ್ಧ ಅನಿಲದ ಶೇಕಡದಿಂದ ಒಳಬರುವ ಅನಿಲದ ಶೇಕಡವನ್ನು ಕಳೆಯಿರಿ. ಶುದ್ಧ ಅನಿಲದ ಶೇಕಡದಿಂದ ಹಿಂಬದಿ ಅನಿಲದ ಶೇಕಡವನ್ನೂ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಒಟ್ಟು ಅನಿಲದಲ್ಲಿ ಎಷ್ಟು ಪಾಲು ಹಿಂಬದಿಗೆ ಹೋಯಿತು ಎಂದು ಸಿಗುತ್ತದೆ. ಆ ಪಾಲನ್ನು ಹಿಂಬದಿಯ ಶೇಕಡದಿಂದ ಗುಣಿಸಿ, ಒಳಬರುವ ಅನಿಲದ ಶೇಕಡದಿಂದ ಭಾಗಿಸಿದರೆ ಮೀಥೇನ್ ನಷ್ಟ ತಿಳಿಯುತ್ತದೆ. ಒಳಗೆ 62, ಶುದ್ಧದಲ್ಲಿ 97, ಹಿಂಬದಿಯಲ್ಲಿ 1.7 ಎಂದು ಇಟ್ಟುಕೊಳ್ಳಿ: 35ನ್ನು 95.3ರಿಂದ ಭಾಗಿಸಿದರೆ 0.367; ಅದನ್ನು 1.7ರಿಂದ ಗುಣಿಸಿ 62ರಿಂದ ಭಾಗಿಸಿದರೆ 0.01, ಅಂದರೆ ಶೇ 1. ಹಿಂಬದಿಯ ಅನಿಲದಲ್ಲಿ ಮೀಥೇನ್ ಶೇ 8ರ ಹತ್ತಿರ ಬಂದರೆ ನಷ್ಟ ಶೇ 5 ಆಗಿದೆ ಎಂದೇ ಅರ್ಥ.

ಈ ಲೆಕ್ಕವನ್ನು ಪ್ರತಿ ಪಾಳಿಯಲ್ಲೂ ದಾಖಲೆ ಪುಸ್ತಕದಲ್ಲಿ ಬರೆಸಿ. ಖರೀದಿ ಒಪ್ಪಂದದಲ್ಲಿಯೂ ಶುದ್ಧತೆಯ ಖಾತರಿಯ ಪಕ್ಕದಲ್ಲೇ ನಷ್ಟದ ಖಾತರಿ ಇರಬೇಕು. ಅದು ಪೂರ್ಣ ಹೊರೆಯಲ್ಲಿಯೂ ಅರ್ಧ ಹೊರೆಯಲ್ಲಿಯೂ, ಬೇಸಿಗೆಯ ತಾಪದಲ್ಲಿಯೂ ಅನ್ವಯಿಸಬೇಕು. ಅನಿಲ ಕಡಿಮೆ ಬಂದಾಗ ಎಲ್ಲ ಪೊರೆಗಳನ್ನೂ ತೆರೆದಿಟ್ಟರೆ ಶುದ್ಧತೆ ಏರುತ್ತದೆ, ನಷ್ಟವೂ ಏರುತ್ತದೆ. ಆದ್ದರಿಂದ ಮಾಡ್ಯೂಲ್‌ಗಳನ್ನು ಗುಂಪುಗಳಾಗಿ ಮುಚ್ಚುವ ವಾಲ್ವ್‌ಗಳು ಬೇಕೇ ಬೇಕು. ಹಿಂಬದಿಯ ಅನಿಲ ತಾನಾಗಿ ಉರಿಯದಷ್ಟು ತೆಳುವಾಗಿದ್ದರೂ, ಅದನ್ನು ಬಾಯ್ಲರ್‌ನ ದಹನ ಗಾಳಿಯೊಂದಿಗೆ ಕುಲುಮೆಗೆ ಬಿಟ್ಟರೆ ಉಳಿದ ಮೀಥೇನ್ ಸುಟ್ಟುಹೋಗುತ್ತದೆ. ಬಾಯ್ಲರ್ ತಯಾರಕರ ಒಪ್ಪಿಗೆ ಪಡೆದು, ಹಿಮ್ಮುಖ ಹರಿವನ್ನು ತಡೆಯುವ ವ್ಯವಸ್ಥೆ ಮಾಡಿ ಇದನ್ನು ಕೈಗೊಳ್ಳಬಹುದು.

ಚಾಲನೆ ಮತ್ತು ಸುರಕ್ಷತೆ

ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರವರೆಗೆ ಬೆರೆತಾಗ ಸ್ಫೋಟಿಸಬಲ್ಲದು. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮಟ್ಟದಲ್ಲೇ ಜೀವಕ್ಕೆ ಅಪಾಯಕಾರಿ. ಆ ಮಟ್ಟದಲ್ಲಿ ಮೂಗು ಮರಗಟ್ಟಿ ವಾಸನೆಯೇ ತಿಳಿಯದೆ ಹೋಗುತ್ತದೆ. ಸ್ಕ್ರಬ್ಬರ್‌ಗೆ ಮುಂಚಿನ ಅನಿಲದಲ್ಲಿ ಅದರ 300 ಪಟ್ಟು ಇದೆ ಎಂಬುದನ್ನು ಪ್ರತಿಯೊಬ್ಬ ಕಾರ್ಮಿಕನಿಗೂ, ಗುತ್ತಿಗೆಯವರನ್ನೂ ಸೇರಿಸಿ, ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಮೈಮೇಲೆ ಧರಿಸುವ ಎಚ್ಚರಿಕೆ ಗಂಟೆಯಿಲ್ಲದೆ ಯಾರೂ ಆ ಆವರಣಕ್ಕೆ ಕಾಲಿಡಬಾರದು, ತೊಟ್ಟಿಯೊಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಇನ್ನೊಬ್ಬರು ಇಳಿಯಬಾರದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಹಿಂಬದಿಯ ಕೊಳವೆಯ ಬಾಯಿ ಎತ್ತರದಲ್ಲಿರಲಿ, ಹತ್ತಿರದಲ್ಲಿ ತಗ್ಗು ಗುಂಡಿಗಳಿರದಿರಲಿ.

ಮೊದಲ ಚಾಲನೆಗೆ ಮುನ್ನ ಸಾರಜನಕದಿಂದ ಕೊಳವೆಗಳನ್ನು ತೊಳೆದು, ಸೋರಿಕೆ ಪರೀಕ್ಷಿಸಿ. ಒತ್ತಡವನ್ನು ನಿಧಾನವಾಗಿ ಏರಿಸಿ. ಪರ್ಮಿಯೇಟ್ ಬದಿಯ ಒತ್ತಡ ಎಂದಿಗೂ ಒಳಬದಿಯದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ, ಏಕೆಂದರೆ ಹಿಮ್ಮುಖ ಒತ್ತಡ ನಾರುಗಳನ್ನು ಹಾಳುಮಾಡಬಲ್ಲದು. ಶುದ್ಧ ಅನಿಲವನ್ನು 250 ಬಾರ್‌ವರೆಗೆ ಒತ್ತಿ ಸಿಲಿಂಡರ್‌ಗಳಿಗೆ ತುಂಬಲು ‘ಪೆಸೊ’ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಪರವಾನಗಿಯೂ, ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು. ಈ ಅರ್ಜಿಗಳನ್ನು ವಿನ್ಯಾಸದ ಜೊತೆಯಲ್ಲಿಯೇ ಆರಂಭಿಸಿದರೆ ವಿಳಂಬ ತಪ್ಪುತ್ತದೆ.

ಹಂಗಾಮು ಮುಗಿದಾಗ

ಕಾಕಂಬಿ ಖಾಲಿಯಾಗಿ ಡಿಸ್ಟಿಲರಿ ನಿಂತರೂ ಡೈಜೆಸ್ಟರ್ ಒಳಗಿನ ಸೂಕ್ಷ್ಮಜೀವಿಗಳು ಒಮ್ಮೆಲೇ ನಿಲ್ಲುವುದಿಲ್ಲ. ಕೆಲವು ವಾರಗಳ ಕಾಲ ಅನಿಲ ಕ್ಷೀಣವಾಗಿ ಬರುತ್ತಲೇ ಇರುತ್ತದೆ, ಕಂಪ್ರೆಸರ್ ನಡೆಸಲು ಅದು ಸಾಲದು. ಈ ಅನಿಲವನ್ನು ಬಿಡುಗಡೆ ವಾಲ್ವ್‌ನಿಂದ ಗಾಳಿಗೆ ಬಿಡುವುದು ತಪ್ಪು. ಅಷ್ಟು ಕಡಿಮೆ ಹರಿವಿನಲ್ಲಿಯೂ ಆರದೆ ಉರಿಯುವ ಫ್ಲೇರ್ ಒಂದನ್ನು ಆರಂಭದ ಯೋಜನೆಯಲ್ಲೇ ಸೇರಿಸಿ, ಅದರ ಜ್ವಾಲೆ ಆರಿದರೆ ಗಂಟೆ ಹೊಡೆಯುವಂತೆ ಮಾಡಿರಿ. ಪೊರೆಗಳನ್ನು ನಿಧಾನವಾಗಿ ಒತ್ತಡ ಇಳಿಸಿ, ಒಣ ಸಾರಜನಕ ತುಂಬಿ, ಎರಡೂ ಬದಿ ಮುಚ್ಚಿಡಿ. ಸಕ್ರಿಯ ಇಂಗಾಲದ ಪಾತ್ರೆಯನ್ನು ಗಾಳಿಗೆ ತೆರೆಯುವಾಗ ಅದರಲ್ಲಿ ಹಿಡಿದಿಟ್ಟ ಗಂಧಕದ ಸಂಯುಕ್ತಗಳು ಬಿಸಿಯೇರಿ ಹೊತ್ತಿಕೊಳ್ಳಬಹುದಾದ್ದರಿಂದ, ಸಾರಜನಕ ಹಾಯಿಸಿ ತಂಪಾದ ಮೇಲೆ, ಒದ್ದೆಮಾಡಿ ಹೊರತೆಗೆಯಿರಿ. ಮುಂದಿನ ಹಂಗಾಮಿನ ಮೊದಲ ದಿನ ಹಿಂಬದಿಯ ಕೊಳವೆಯ ಮೀಥೇನ್ ಅಳೆದು, ಕಳೆದ ಹಂಗಾಮಿನ ಕೊನೆಯ ದಿನದ ಅಂಕಿಯ ಪಕ್ಕದಲ್ಲಿ ಬರೆಯಿರಿ. ಒಳಬರುವ ಅನಿಲ, ಒತ್ತಡ, ತಾಪ ಮೊದಲಿನಂತೆಯೇ ಇದ್ದೂ ಅಂಕಿ ಏರಿದ್ದರೆ, ಒಂದೊಂದೇ ಮಾಡ್ಯೂಲ್ ಗುಂಪನ್ನು ಮುಚ್ಚುತ್ತ ಹೋಗಿ, ಯಾವ ಗುಂಪಿನ ನಾರು ಮುರಿದಿದೆ ಎಂಬುದನ್ನು ಪತ್ತೆಹಚ್ಚಿದ ಬಳಿಕವೇ ಪೂರ್ಣ ಹೊರೆಗೆ ಏರಿಸಿರಿ.